ಕಡಪಾ ಕಲ್ಲಿನ ಮೇಲೆ ಕೇಳದೇ ಹೋದ ಸದ್ದು: ‘ನಾದಸೇತು’ ದ್ರಾವಣದವರಿಗೆ ಒಂದು ಬಿನ್ನಹ

ಮಾನ್ಯರೇ,

ಸ್ಟೀರಿಯೋ ಪೆಟ್ಟಿಗೆಯ ಪಿನ್ನು, ಪ್ಲಗ್ಗು, ವೈರಿನ ತುದಿಗಳಿಗೆ ಒಂದು ಹನಿ ಸವರಿದರೆ ಸಾಕು, ಹಾಡಿನ ಮೇಲಿನ ಧೂಳೆಲ್ಲ ಜಾಡಿಸಿಹೋಗುತ್ತದೆ ಎಂದು ಜಗತ್ತಿಗೆ ಸಾರಿರುವ ‘ನಾದಸೇತು’ ದ್ರಾವಣದ ತಯಾರಕರೂ, ಕಿವಿಯುಳ್ಳವರ ಪಾಲಿನ ಧನ್ವಂತರಿಗಳೂ ಆದ ತಮ್ಮ ಸನ್ನಿಧಾನಕ್ಕೆ ನ್ಯಾಮತಿಯ ಅಡಿಕೆ ಮಂಡಿ ವರ್ತಕ ಮಹೇಶ್ವರಪ್ಪನ ಶರಣು ಶರಣಾರ್ಥಿಗಳು. ತಾವು ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಹತ್ತು ಎಂ.ಎಲ್. ಬಾಟಲಿಗೆ ಒಂದು ಟಿನ್ನು ಕಡಲೆಕಾಯಿ ಎಣ್ಣೆಯ ದರ ಹಾಕುವವರು ಕ್ಷೇಮವಾಗಿರದೆ ಇನ್ಯಾರು ಇರಬೇಕು.

ನನ್ನನ್ನು ಹೊಸದಾಗಿ ಪರಿಚಯಿಸಿಕೊಳ್ಳುವ ಅಗತ್ಯವಿಲ್ಲ. ತಮ್ಮ ಜಾಲತಾಣದಲ್ಲಿ ‘ಬಳಸಿದವರ ಮಾತು’ ಎಂಬ ಪುಟದಲ್ಲಿ, ಮೇಲಿನಿಂದ ಮೂರನೆಯವನಾಗಿ, ಹಣೆಗೆ ವಿಭೂತಿ ಧರಿಸಿ ನಗುತ್ತಿರುವವನು ನಾನೇ. ‘ಮಣ್ಣಾದ ಕಿಟಕಿಯ ಗಾಜು ಒರೆಸಿದ ಹಾಗಾಯಿತು’ ಎಂಬ ನನ್ನ ಪ್ರಶಸ್ತಿ ವಾಕ್ಯದ ಕೆಳಗೆ ತಾವು ಉದಾರವಾಗಿ ‘ಅಡಿಕೆಯ ಒಣಗನ್ನು ಸದ್ದಿನಿಂದಲೇ ಹೇಳುವ ಚಿನ್ನದ ಕಿವಿ’ ಎಂಬ ಬಿರುದನ್ನೂ ದಯಪಾಲಿಸಿದ್ದೀರಿ. ಆ ಚಿನ್ನದ ಕಿವಿಯನ್ನು ನಂಬಿ, ಮೂವತ್ತೊಂದು ವರ್ಷ ನನ್ನ ಮಂಡಿಯಲ್ಲೇ ಅಡಿಕೆ ಸುರಿದ ಜಂಪಣ್ಣನನ್ನು ಏಳು ಜನರ ಎದುರು ಮೋಸಗಾರ ಎಂದು ಕರೆದೆ. ಅಂದಿನಿಂದ ಆತ ನನ್ನ ಮೆಟ್ಟಿಲು ಹತ್ತಿಲ್ಲ. ನನಗೆ ಜಂಪಣ್ಣ ಬೇಕು. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ, ತಾವು ಹೊಸ ಕರಪತ್ರ ಬರೆಯುವ ಕೆಲಸದಿಂದ ಬಿಡುವಾದಾಗ ಓದಿಕೊಂಡರೆ ಸಾಕು.

ನಮ್ಮ ಮನೆಯಲ್ಲಿ ಒಂದು ಹಳೆಯ ಆಂಪ್ಲಿಫೈಯರು, ಮೊಣಕಾಲೆತ್ತರದ ಎರಡು ಸ್ಪೀಕರು, ಒಂದು ಕ್ಯಾಸೆಟ್ ಪ್ಲೇಯರು ಇವೆ. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ವಚನ ಗಾಯನ ಕೇಳುವುದು ನನ್ನ ಒಂದೇ ಒಂದು ಚಟ. ಎರಡು ವರ್ಷದ ಹಿಂದೆ ಆ ಹಾಡುಗಳಲ್ಲಿ ಮೊದಲು ತಾಳದ ಸದ್ದು ಮಂಕಾಯಿತು, ಆಮೇಲೆ ತಂಬೂರಿ ಎಲ್ಲೋ ಪಕ್ಕದ ಮನೆಯಲ್ಲಿ ಮೀಟಿದಂತಾಯಿತು. ಪೆಟ್ಟಿಗೆಗೆ ವಯಸ್ಸಾಯಿತೆಂದು ಮರುಗುತ್ತಿದ್ದವನಿಗೆ ಫೋನಿನಲ್ಲಿ ತಮ್ಮ ಜಾಹೀರಾತು ದರ್ಶನ ಕೊಟ್ಟಿತು. ಲೋಹಕ್ಕೂ ಲೋಹಕ್ಕೂ ನಡುವೆ ಕಣ್ಣಿಗೆ ಕಾಣದ ಕಿಲುಬು ಇರುತ್ತದಂತೆ, ಅದು ಸ್ವರಗಳನ್ನು ತಿಂದುಹಾಕುತ್ತದಂತೆ, ತಮ್ಮ ದ್ರಾವಣ ಹಚ್ಚಿದರೆ ತಿಂದದ್ದನ್ನೆಲ್ಲ ಕಕ್ಕುತ್ತದಂತೆ. ಕಿಲುಬು ಹಿಡಿಯುವುದು ಸುಳ್ಳಲ್ಲ, ನಮ್ಮೂರ ರೇಡಿಯೋ ರಿಪೇರಿಯವನೂ ಅದನ್ನು ಉಜ್ಜಿ ಒರೆಸುತ್ತಾನೆ. ಆದರೆ ಆತ ಒರೆಸಿ ಸುಮ್ಮನಾಗುತ್ತಾನೆ, ಸ್ವರ್ಗ ತೋರಿಸುತ್ತೇನೆ ಎನ್ನುವುದಿಲ್ಲ.

ಮೊದಲ ಬಾಟಲಿ ಶ್ರಾವಣ ಸೋಮವಾರ ಬಂತು. ತಾವು ಅಪ್ಪಣೆ ಕೊಡಿಸಿದಂತೆಯೇ ಕರೆಂಟು ತೆಗೆದು, ಪ್ರತಿ ತುದಿಯನ್ನೂ ಬಿಳಿ ಬಟ್ಟೆಯಿಂದ ಒರೆಸಿ, ಹುಬ್ಬು ತೀಡುವಷ್ಟು ಸಣ್ಣ ಬ್ರಷ್ಷಿನಿಂದ ಹಚ್ಚಿ, ಉಸಿರು ಬಿಗಿಹಿಡಿದು ಹಾಡು ಹಾಕಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ತಮ್ಮ ಗ್ರಾಹಕ ಸೇವೆಯ ಪೂಜಾ ಎಂಬ ಹೆಣ್ಣುಮಗಳಿಗೆ ಹೀಗ್ಹೀಗೆ ಎಂದು ಬರೆದರೆ, ದ್ರಾವಣ ಪಳಗಲು ಇನ್ನೂರು ಗಂಟೆ ಬೇಕು ಎಂದಳು. ಇನ್ನೂರು ಗಂಟೆ, ಮನೆಯಲ್ಲಿ ಯಾರೂ ಇಲ್ಲದಾಗಲೂ ಪೆಟ್ಟಿಗೆ ಹಾಡಿತು. ಎದುರು ಮನೆಯವರಿಗೆ ಎಲ್ಲಾ ವಚನಗಳೂ ಬಾಯಿಪಾಠವಾದವು. ಆಮೇಲೂ ಏನೂ ಇಲ್ಲವಲ್ಲ ತಾಯಿ ಎಂದದ್ದಕ್ಕೆ ಆಕೆ ಒಂದೇ ಸಾಲು ಉತ್ತರ ಕಳಿಸಿದಳು. ಪಳಗಿದ ಕಿವಿ ಇರುವವರಿಗೆ ಮಾತ್ರ ಇದು ಗೊತ್ತಾಗುತ್ತದೆ ಸರ್, ಎಲ್ಲರಿಗೂ ಅಲ್ಲ.

ಎಂಥ ಜಾಣತನದ ಮಾತು, ಮಾನ್ಯರೇ. ಅದನ್ನು ಬರೆದವರ ಕೈಗೆ ಕಡಗ ತೊಡಿಸಬೇಕು. ಯಾಕೆಂದರೆ ನನ್ನ ಕಿವಿ ಪಳಗಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ನಾನು ಮಂಡಿಗೆ ಬೀಗ ಹಾಕುವುದು ಮೇಲು. ರಾಶಿ ಅಡಿಕೆ ಒಣಗಿದೆಯೋ ಇಲ್ಲವೋ ನೋಡಲು ಕೆಲವರು ಹಲ್ಲಿನಲ್ಲಿ ಕಡಿಯುತ್ತಾರೆ, ಕೆಲವರು ಕತ್ತರಿಸಿ ನೋಡುತ್ತಾರೆ, ಈಗೀಗ ತೇವ ಅಳೆಯುವ ಯಂತ್ರವನ್ನೂ ತಂದಿದ್ದಾರೆ. ನಾನು ಒಂದು ಹಿಡಿ ಅಡಿಕೆಯನ್ನು ಎದೆಯೆತ್ತರದಿಂದ ಕಡಪಾ ಕಲ್ಲಿನ ಮೇಲೆ ಬಿಡುತ್ತೇನೆ. ಒಣಗಿದ್ದು ಗಲಗಲ ಎಂದು ನಗುತ್ತದೆ, ತೇವವಿದ್ದದ್ದು ದಬದಬ ಎಂದು ಮುನಿಯುತ್ತದೆ. ಹೊನ್ನಾಳಿ, ಚನ್ನಗಿರಿಯ ವರ್ತಕರು ನನ್ನ ಈ ಪರೀಕ್ಷೆ ನೋಡಲೆಂದೇ ಬಂದು ಚಹಾ ಕುಡಿದು ಹೋದದ್ದುಂಟು. ಅಂಥ ಕಿವಿಗೆ ಒಂದು ಹನಿ ದ್ರಾವಣದ ಮಹಿಮೆ ಗೊತ್ತಾಗಲಿಲ್ಲವೆಂದರೆ ಜನ ಏನೆಂದಾರು? ಮರು ಭಾನುವಾರದಿಂದ ನನಗೆ ಒಂದಿಷ್ಟು ವ್ಯತ್ಯಾಸ ಕೇಳಿಸತೊಡಗಿತು. ಎರಡನೆಯ ಬಾಟಲಿ ತರಿಸಿ, ಆಯುಧಪೂಜೆ ಕಳೆದ ಮೇಲೆ ಮತ್ತೆ ಹಚ್ಚಿದಾಗಲಂತೂ ಎಷ್ಟು ಕೇಳಿಸಿತೆಂದರೆ, ಕುಳಿತಲ್ಲೇ ತಮಗೆ ಆ ಪ್ರಶಸ್ತಿ ವಾಕ್ಯ ಬರೆದು ಫೋಟೋ ಸಮೇತ ಕಳಿಸಿದೆ. ತಾವು ಬಿರುದು ಕೊಟ್ಟಿರಿ. ಅದನ್ನು ಮಂಡಿಗೆ ಬಂದವರಿಗೆಲ್ಲ ಫೋನಿನಲ್ಲಿ ತೋರಿಸಿದೆ.

ಸಂಕ್ರಾಂತಿಯಾಗಿ ಎಂಟು ದಿನಕ್ಕೆ ಸವಳಂಗದ ಕಡೆಯ ಹಳ್ಳಿಯಿಂದ ಜಂಪಣ್ಣ ಹನ್ನೊಂದು ಚೀಲ ತಂದ. ಆತ ಮಾತು ಕಮ್ಮಿಯ ಮನುಷ್ಯ, ಅಡಿಕೆ ಒಣಗುವ ತನಕ ಬೀಗರ ಮನೆಯ ಊಟಕ್ಕೂ ಹೋಗದವನು. ನಾನು ವಾಡಿಕೆಯಂತೆ ಒಂದು ಹಿಡಿ ಬಿಟ್ಟೆ. ನಗು ಬರಲಿಲ್ಲ. ಇನ್ನೊಂದು ಚೀಲ ಬಿಚ್ಚಿಸಿ ಬಿಟ್ಟೆ, ಅದೂ ಮುನಿಯಿತು. ಹನ್ನೊಂದು ಚೀಲವೂ ಹಾಗೆಯೇ. ಹಿಂದಿನ ವಾರ ಬೇರೆಯವರ ಅಡಿಕೆಯೂ ಹಾಗೇ ಕೇಳಿಸಿತ್ತು, ಆಗ ಈ ವರ್ಷದ ಬಿಸಿಲೇ ಸರಿಯಿಲ್ಲ ಎಂದು ಬಿಸಿಲನ್ನು ಬೈದಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಜಂಪಣ್ಣ ಮೆತ್ತಗೆ, ಹಲ್ಲಾಗೆ ಕಡುದು ನೋಡ್ರಿ ಸಾವ್ಕಾರ್ರೆ ಎಂದ. ಸುತ್ತ ಏಳು ಜನ ನಿಂತಿದ್ದರು. ಚಿನ್ನದ ಕಿವಿ ಇರುವವನು ಹಲ್ಲಿಗೆ ಇಳಿಯುವುದೇ? ತೂಕಕ್ಕೆಂದು ನೀರು ಚಿಮುಕಿಸಿ ತಂದಿದ್ದೀಯ, ಇಷ್ಟು ವರ್ಷ ಇನ್ನೆಷ್ಟು ಸಲ ಹೀಗೆ ಮಾಡಿದ್ದೀಯೋ ಎಂದುಬಿಟ್ಟೆ. ಈ ಮಾತನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಜಂಪಣ್ಣ ಚೀಲಗಳ ಬಾಯಿ ತಾನೇ ಹೊಲಿದ, ಟೆಂಪೋಗೆ ಹೇರಿಸಿದ, ಹೋಗುವ ಮುಂಚೆ ನನ್ನ ಹತ್ತಿರ ಬಂದು ಹೇಳಿದ:

“ಕಿವಿ ನಿಮ್ದು, ಅಡಿಕೆ ನಂದು. ಇನ್ಮ್ಯಾಲೆ ಎರಡೂ ಒಂದ್ಕಡೆ ಕೂಡಾದು ಬ್ಯಾಡ ಬಿಡ್ರಿ.”

ಅದೇ ಹನ್ನೊಂದು ಚೀಲ ಮರುದಿನ ಚನ್ನಗಿರಿಯಲ್ಲಿ ಯಂತ್ರದ ಪರೀಕ್ಷೆಗೂ ಹಲ್ಲಿನ ಪರೀಕ್ಷೆಗೂ ಒಪ್ಪಿಗೆಯಾಗಿ, ಆ ದಿನದ ಒಳ್ಳೆಯ ಮಾಲು ಎನ್ನಿಸಿಕೊಂಡಿತು. ಆ ಸುದ್ದಿ ನನಗೆ ಮುಟ್ಟುವಂತೆ ಮಾಡಲು ಜನ ಬಹಳ ಶ್ರಮಪಟ್ಟರು. ನಾನಾದರೋ ಚನ್ನಗಿರಿಯ ಯಂತ್ರವೇ ಕೆಟ್ಟಿದೆ ಎಂದು ಸಾಧಿಸಿ, ಮನಸ್ಸಿನ ಸಮಾಧಾನಕ್ಕೆ ತಮ್ಮಿಂದ ಇನ್ನೂ ಮೂರು ಬಾಟಲಿ ತರಿಸಿದೆ.

ಆ ಪಾರ್ಸೆಲ್ಲು ಬಿಚ್ಚುವಾಗ ನನ್ನ ಮನೆಯವಳಾದ ಸರ್ವಮಂಗಳಮ್ಮ ಬಂದು ಎದುರು ಕುಳಿತಳು. ಆಯುಧಪೂಜೆಯ ದಿನ ಪೆಟ್ಟಿಗೆ ಒರೆಸಿ ಕುಂಕುಮ ಇಡುವಾಗ ತಮ್ಮ ಎರಡನೆಯ ಬಾಟಲಿ ಉರುಳಿ ಪೂರಾ ಚೆಲ್ಲಿಹೋಗಿತ್ತಂತೆ. ನನ್ನ ಬಾಯಿಗೆ ಹೆದರಿ ಅದರಲ್ಲಿ ಹರಳೆಣ್ಣೆ ತುಂಬಿ ಮುಚ್ಚಳ ತಿರುಗಿಸಿಟ್ಟಿದ್ದಳಂತೆ. ಅಂದರೆ, ಮಾನ್ಯರೇ, ಮಣ್ಣಾದ ಗಾಜು ಒರೆಸಿದ ಹಾಗಾಯಿತು ಎಂದು ನಾನು ಹಾಡಿ ಹೊಗಳಿದ್ದು, ತಾವು ಬಣ್ಣದ ಅಕ್ಷರದಲ್ಲಿ ಪ್ರಕಟಿಸಿ ದೇಶದ ಕಿವಿಗಳಿಗೆಲ್ಲ ತೋರಿಸುತ್ತಿರುವುದು, ನಮ್ಮ ಅಡುಗೆಮನೆಯ ಹರಳೆಣ್ಣೆಯನ್ನು. ಈ ಯಶಸ್ಸಿನಲ್ಲಿ ತಮ್ಮ ಪಾಲೆಷ್ಟು, ಗಾಣದವನ ಪಾಲೆಷ್ಟು ಎಂಬುದನ್ನು ತಾವೇ ತೀರ್ಮಾನಿಸಬೇಕು. ನಾನು ರೇಗಿ ಎದ್ದಾಗ ಆಕೆ ನನ್ನ ಕೈ ಹಿಡಿದು ಕೂರಿಸಿ, ಕಿವಿಯ ಹತ್ತಿರವೇ ಬಾಯಿಟ್ಟು ಹೇಳಿದಳು:

“ಪೆಟಿಗೆ ಸರಿಯಾಗೇ ಐತ್ರೀ. ಎರಡು ವರ್ಷದಿಂದ ನಾನು ಕೂಗಿದ್ದೇ ನಿಮಗೆ ಕೇಳವಲ್ದು. ಹೆಂಗೆ ಹೇಳಾಕೆ ಆಗ್ತೈತೆ, ಊರಿಗೆಲ್ಲ ಕಿವಿ ತೋರ್ಸ್ಕಂಡು ಓಡಾಡೋರಿಗೆ?”

ಬಿಳಿಚೋಡಿನ ಶಾಲೆಯಲ್ಲಿ ಟೀಚರಾಗಿರುವ ನನ್ನ ಮಗಳು ರೂಪಶ್ರೀ ಜಗಳೂರು ಬಸ್ಸು ಹಿಡಿದು ಬಂದು ನನ್ನನ್ನು ದಾವಣಗೆರೆಯ ಕಿವಿ ಡಾಕ್ಟರಲ್ಲಿಗೆ ಕರೆದೊಯ್ದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಬಹಳ ಹೊತ್ತು ಸದ್ದಿಗಾಗಿ ಕಾದೆ. ಹೊರಬಂದಾಗ ಪರೀಕ್ಷೆ ಮುಗಿದಿತ್ತು. ಡಾಕ್ಟರು ಕೊಟ್ಟ ಹಾಳೆಯಲ್ಲಿ ಒಂದು ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ ಬಾವಿಗೆ ಬಿದ್ದಿತ್ತು. ಸಣ್ಣ, ಚೂಪಾದ ಸದ್ದುಗಳೆಲ್ಲ ಹೋಗಿವೆಯಂತೆ. ತಾಳ, ತಂಬೂರಿ, ಕಲ್ಲಿನ ಮೇಲೆ ಬೀಳುವ ಒಣ ಅಡಿಕೆ, ಮನೆಯವಳ ಕೂಗು.

ಇದನ್ನೆಲ್ಲ, ಕಿವಿಗೆ ಶ್ರವಣಯಂತ್ರ ಬಂದದ್ದನ್ನೂ ಸೇರಿಸಿ, ಪ್ರಾಮಾಣಿಕವಾಗಿ ತಮಗೆ ಬರೆದು, ನನ್ನ ಪ್ರಶಸ್ತಿ ವಾಕ್ಯವನ್ನು ತೆಗೆದುಹಾಕಿ ಎಂದು ಬೇಡಿಕೊಂಡೆ. ಪೂಜಾ ಅವರಿಂದ ಕೂಡಲೇ ಉತ್ತರ ಬಂತು. ಶ್ರವಣಯಂತ್ರದ ಬ್ಯಾಟರಿ ಕೂರುವ ಜಾಗಕ್ಕೂ ನಾದಸೇತು ಹಚ್ಚಬಹುದು ಸರ್, ಹಳೆಯ ಗ್ರಾಹಕರೆಂದು ತಮಗೆ ರಿಯಾಯಿತಿ ಇದೆ. ನಮ್ಮ ವ್ಯಾಪಾರದಲ್ಲೂ ಕೆಳದರ್ಜೆಯ ಅಡಿಕೆಗೆ ಬಣ್ಣ ಹಾಕಿ ಮೇಲ್ದರ್ಜೆಯ ರಾಶಿಯೆಂದು ಮಾರುವವರಿದ್ದಾರೆ, ಆದರೆ ಅಂಗೈಯಲ್ಲಿ ಉಜ್ಜಿದರೆ ಬಣ್ಣ ಕೈಗೆ ಹತ್ತುತ್ತದೆ, ಸಿಕ್ಕಿಬಿದ್ದವನು ಆ ದಿನವಾದರೂ ತಲೆ ತಗ್ಗಿಸುತ್ತಾನೆ. ಮಾಲಿಗೆ ಕೈ ಹಚ್ಚದೆ, ಕೊಳ್ಳುವವನ ಜಂಭಕ್ಕೇ ಬಣ್ಣ ಹಚ್ಚುವ ತಮ್ಮ ವಿದ್ಯೆಯ ಮುಂದೆ ಅವರೆಲ್ಲ ಒಂದನೇ ಇಯತ್ತೆಯ ಮಕ್ಕಳು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಆಡಿದ ಮಾತಿಗೆ ಹಚ್ಚಿದರೆ ಅದು ಆಡಿದವನ ಗಂಟಲಿಗೆ ವಾಪಸು ಹೋಗುವಂಥ ಒಂದು ದ್ರಾವಣ ತಯಾರಿಸಿ, ಇನ್ನೂರು ಗಂಟೆ ಬೇಕಾದರೂ ಕಾಯುತ್ತೇನೆ. ಆ ದಿನ ಮಂಡಿಯಲ್ಲಿ ನಿಂತಿದ್ದ ಏಳು ಜನರ ಕಿವಿಯನ್ನು ಸಂಕ್ರಾಂತಿಯ ಹಿಂದಿನ ಸ್ಥಿತಿಗೆ ತರಬಲ್ಲ ಬಾಟಲಿಯೂ ಬೇಕು, ಅದಕ್ಕೆ ರಿಯಾಯಿತಿ ಬೇಡ. ಅದಾಗದಿದ್ದರೆ ತಮ್ಮ ವ್ಯವಸ್ಥಾಪಕರು ಖುದ್ದು ಜಂಪಣ್ಣನ ಕಣಕ್ಕೆ ಬಂದು, ನನ್ನ ಫೋಟೋವನ್ನು ಎತ್ತಿ ಹಿಡಿದು, ಈ ಕಿವಿಗೆ ಚಿನ್ನ ಎಂದವರು ನಾವೇ ಎಂದು ಹೇಳಿ ಕೈಮುಗಿಯಬೇಕು.

ತಾವು ಬರುವುದಿಲ್ಲ ಎಂದು ಗೊತ್ತಿದ್ದರಿಂದ ಹೋದ ವಾರ ನಾನೇ ಹೋದೆ. ಕಿವಿಯಲ್ಲಿ ಯಂತ್ರ, ಕೈಯಲ್ಲಿ ಡಾಕ್ಟರ ಹಾಳೆ. ಜಂಪಣ್ಣ ಕಣದಲ್ಲಿ ಒಣಹಾಕಿದ ಅಡಿಕೆಯಲ್ಲಿ ಕೈಯಾಡಿಸುತ್ತಿದ್ದ, ಆ ಸದ್ದು ಬೇಲಿಯ ಹತ್ತಿರದಿಂದಲೇ ಕೇಳಿಸಿತು. ಆತ ಚಾಪೆ ಹಾಸಿದ, ಮಜ್ಜಿಗೆ ತರಿಸಿದ. ಬಾವಿಗೆ ಬಿದ್ದ ಗೆರೆಯನ್ನು ತೋರಿಸಿ, ತಪ್ಪು ನನ್ನದಲ್ಲ, ಕಿವಿಯದು, ಅದಕ್ಕೆ ಜಂಭ ಹತ್ತಿಸಿದ ಕಂಪನಿಯದು ಎಂದು ತಮ್ಮ ಇಡೀ ಚರಿತ್ರೆಯನ್ನು ಬಿಡಿಸಿ ಹೇಳಿದೆ. ಆತ ಪೂರಾ ಕೇಳಿಸಿಕೊಂಡ. ಹಾಳೆಯನ್ನು ಮಡಿಚಿ ನನ್ನ ಜೇಬಿಗೆ ತಾನೇ ಇಟ್ಟ.

“ಕಿವಿ ಹೋದ್ರೆ ಅಡಿಕೆ ಸದ್ದು ಕೇಳಲ್ಲ, ಖರೆ ಐತೆ ಸಾವ್ಕಾರ್ರೆ. ಆದ್ರೆ ಮೂವತ್ತೊಂದು ವರ್ಷ ನನ್ನ ಮಖ ನೋಡೀರಲ್ಲ. ಅದಕ್ಕೆ ಕಿವಿ ಯಾಕ್ರೀ ಬೇಕಿತ್ತು?”

ಆತ ಕೋಪದಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ, ನಿಜವಾಗಿಯೂ ತಿಳಿಯದೆ ಕೇಳುವವನ ಹಾಗೆ ಕೇಳಿದ. ಮಜ್ಜಿಗೆ ಕುಡಿದು ಬಂದೆ. ಈ ವಾರವೂ ಆತನ ಟೆಂಪೋ ನಮ್ಮ ಮಂಡಿಯ ಮುಂದೆಯೇ ಹಾದು ಚನ್ನಗಿರಿಗೆ ಹೋಯಿತು. ತಮ್ಮ ಮೇಲೆ ಎಷ್ಟು ಹೊರಿಸಿದರೂ ಆ ಒಂದು ಪ್ರಶ್ನೆಯನ್ನು ತಮ್ಮ ಮೇಲೆ ಹೊರಿಸಲು ಬರುವುದಿಲ್ಲ. ಅದು ನನ್ನ ಪಾಲಿನದು, ಅದನ್ನು ನಾನೇ ಇಟ್ಟುಕೊಂಡು ಉಳಿದ ದೂರನ್ನಷ್ಟೇ ತಮ್ಮ ಪಾದಕ್ಕೆ ಅರ್ಪಿಸಿದ್ದೇನೆ.

ಕೇಳಿಸದಿದ್ದರೂ ಕೇಳಿಸಿತೆಂದು ನಂಬಿದ,
ತಮ್ಮ ವಿಶ್ವಾಸಿ,
ಮಹೇಶ್ವರಪ್ಪ
ಅಡಿಕೆ ಮಂಡಿ, ನ್ಯಾಮತಿ

ಬರೆಯಲು ಮರೆತದ್ದು: ಉಳಿದ ಮೂರು ಬಾಟಲಿ ದ್ರಾವಣವನ್ನೂ ಹಾಳು ಮಾಡಬಾರದೆಂದು ನಮ್ಮ ಮನೆಯ ಗೇಟಿನ ಕೀಲುಗಳಿಗೆ ಸುರಿದಿದ್ದೇನೆ. ಕಿವಿಗೆ ಯಂತ್ರ ಹಾಕಿಕೊಂಡು ಹತ್ತು ಸಲ ತೆಗೆದು ಮುಚ್ಚಿ ಕೇಳಿದೆ, ಇನ್ನೂ ಕಿರುಗುಟ್ಟುತ್ತಿದೆ. ಇದನ್ನು ತಾವು ‘ಬಳಸಿದವರ ಮಾತು’ ಪುಟದಲ್ಲಿ ನನ್ನ ಅದೇ ಫೋಟೋದ ಕೆಳಗೆ ಧಾರಾಳವಾಗಿ ಹಾಕಿಕೊಳ್ಳಬಹುದು, ಈ ಸಲ ನನಗೆ ಸರಿಯಾಗಿಯೇ ಕೇಳಿಸಿದೆ.