ಕಾಶಮ್ಮನವರು ಒಬ್ಬರೇ ಹೊರಟದ್ದು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ, ಕಾಶಮ್ಮನವರು ಒಂದು ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಸುಮ್ಮನೆ ಕೂತದ್ದು. ಬರೀ ಕೂತದ್ದು. ಕೈಯಲ್ಲಿ ಬಿಡಿಸುವ ಅವರೆಕಾಯಿ ಇರಲಿಲ್ಲ, ಹೊಸೆಯುವ ಬತ್ತಿ ಇರಲಿಲ್ಲ. ಸೊಸೆ ಬಂದು, "ಮೈಗೆ ಹುಷಾರಿಲ್ವಾ ಅತ್ತೆ?" ಎಂದಳು. ಮೊಮ್ಮಗಳು ಬಂದು, "ಅಮ್ಮ ಏನಾದ್ರೂ ಅಂದ್ಲಾ ಅಜ್ಜಿ?" ಎಂದಳು. ಪಕ್ಕದ ಮನೆಯ ಮಲ್ಲಿಕಾಂಬ ಬೇಲಿಯ ಮೇಲಿಂದ ಕತ್ತು ಚಾಚಿ, "ಯಾಕ್ರೀ ಕಾಶಮ್ಮ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಣ್ಣೊರೆಸಿಕೊಂಡಳು. ಸಂಜೆಯೊಳಗೆ ಬೀದಿಯ ಮನೆಮನೆಯಿಂದಲೂ ಒಂದೊಂದು ಚೊಂಬು ಕಷಾಯ ಬಂತು. ಅಷ್ಟನ್ನೂ ಕುಡಿದು ಮುಗಿಸುವ ಹೊತ್ತಿಗೆ ಕಾಶಮ್ಮನವರು ಗಟ್ಟಿ ಮನಸ್ಸು ಮಾಡಿಬಿಟ್ಟಿದ್ದರು.

"ಮಲ್ಲಿಕಾರ್ಜುನ, ನಾನು ಎಡೆಯೂರಿಗೆ ಹೋಗ್ಬತ್ತೀನಿ ಕಣೋ. ಒಬ್ಬಳೇ."

ಮಗನ ಕೈಯ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತುಹೋಯಿತು. "ಒಬ್ಬಳೇನಾ? ಈ ವಯಸ್ಸಲ್ಲಿ? ಜನ ಏನಂತಾರೆ? ನಾನೇನು ಸತ್ತೋಗಿದೀನಾ?"

"ಇಲ್ಲ ಅಂತ ಗೊತ್ತು ಕಣೋ. ಬೆಳಗ್ಗಿಂದ ನಿನ್ನ ಮಾತೇ ಕೇಳ್ತಾ ಇದೀನಿ."

ಅವರಿಗೆ ಬೇಕಾಗಿದ್ದುದು ಹೆಚ್ಚೇನಲ್ಲ. ಸ್ವಾಮಿಯ ಗದ್ದುಗೆಯ ಎದುರು, 'ಏಳಮ್ಮಾ, ಹೊತ್ತಾಯ್ತು' ಅನ್ನುವವರು ಯಾರೂ ಇಲ್ಲದೆ, ಸಾಕೆನ್ನುವವರೆಗೂ ಕೂತಿರಬೇಕು. ಹುಟ್ಟಿದಂದಿನಿಂದ ಅವರು ಒಬ್ಬರೇ ಎಲ್ಲಿಗೂ ಹೋದವರಲ್ಲ. ಮೊದಲು ಅಪ್ಪನ ಬೆನ್ನು, ಆಮೇಲೆ ಗಂಡನ ಬೆನ್ನು, ಈಗ ಮಗನ ಬೆನ್ನು. ಯಾವ ಊರಿಗೆ ಯಾವ ದಾರಿ ಎಂದು ಕೇಳಿದರೆ ಹೇಳಲಾರರು. ಆದರೆ ಯಾರ ಬೆನ್ನು ಎಷ್ಟು ಅಗಲವೆಂದು ಕಣ್ಣುಮುಚ್ಚಿ ಹೇಳಬಲ್ಲರು.

ಮನೆಯಲ್ಲಿ ಜಗ್ಗಾಟ ಬಹಳ ದಿನ ನಡೆಯಿತು. ಕಡೆಗೆ ಮಗ ಅಮಲ್ದಾರರ ಗತ್ತಿನಲ್ಲಿ ಒಂದು ಕರಾರು ಹಾಕಿದ. "ಮೊದ್ಲು ಅಜ್ಜಂಪುರಕ್ಕೆ, ಚಿಕ್ಕಮ್ಮನ ಮನೆಗೆ ಒಬ್ಬಳೇ ಹೋಗು. ಬೆನಕಪ್ಪ ಚಿಕ್ಕಪ್ಪನೇ ನೋಡಿ ಹೇಳ್ಲಿ. ಯಾರ ಜೊತೇನೂ ಇಲ್ದೆ ನೀನೊಬ್ಬಳೇ ಹೋಗಿ ಇಳಿದ್ರೆ ಎಡೆಯೂರು. ಇಲ್ದಿದ್ರೆ ಇನ್ನು ಆ ಮಾತೇ ಎತ್ತಬಾರದು."

"ಆಗ್ಲಿ," ಎಂದರು ಕಾಶಮ್ಮನವರು. ಕಡೂರು ಬಿಟ್ಟರೆ ಬೀರೂರು, ಬೀರೂರು ದಾಟಿದರೆ ಅಜ್ಜಂಪುರ. ರೈಲಿನಲ್ಲಿ ಕೂತರೆ ರೈಲೇ ಒಯ್ಯುತ್ತದೆ. ಕೂರುವುದಕ್ಕೆ ಗಂಡಸಿನ ಸಹಾಯ ಯಾಕೆ?

ಕಡೂರಿನಲ್ಲಿ ಹೆಂಗಸರ ಡಬ್ಬಿ ಹತ್ತಿ, ಕಿಟಕಿಯ ಪಕ್ಕ ಬುತ್ತಿಗಂಟು ಇಟ್ಟುಕೊಂಡು ಅವರು ಇನ್ನೂ ಒಂದು ಉಸಿರು ಬಿಟ್ಟಿರಲಿಲ್ಲ. ಎದುರು ಕೂತಿದ್ದ ಮೀನಾಕ್ಷಮ್ಮ ಎಂಬಾಕೆ ಮುಂದಕ್ಕೆ ಬಾಗಿದಳು.

"ಜೊತೇಲಿ ಯಾರಿದಾರೆ?"

"ಯಾರೂ ಇಲ್ಲ."

"ಅಯ್ಯೋ ಪಾಪ! ಮಕ್ಕಳೇ ಆಗ್ಲಿಲ್ವಾ?"

"ಮಗ ಇದಾನೆ."

"ಮಗ ಇದ್ದೂ ಒಬ್ಬರನ್ನೇ ಕಳಿಸಿದ್ನಾ? ಅದೆಂಥಾ ಸೊಸೆ ತಂದ್ಕೊಂಡಿದೀರೋ ತಾಯೀ!" ಎಂದು ಆಕೆ ಸೆರಗಿನಲ್ಲಿ ಮೂಗೊರೆಸಿಕೊಂಡು, ಇಡೀ ಡಬ್ಬಿಗೆ ಕೇಳುವಂತೆ ಕಾಶಮ್ಮನವರ ಸೊಸೆಗೆ ಶಾಪ ಹಾಕತೊಡಗಿದಳು. ಸೊಸೆಯದೇನೂ ತಪ್ಪಿಲ್ಲವೆಂದು ಹೇಳಿದಷ್ಟೂ, "ಎಷ್ಟು ಹೆದರ್ಸಿ ಇಟ್ಟಿದಾಳೆ ನೋಡ್ರೀ," ಎಂದು ಡಬ್ಬಿ ಕಣ್ಣೀರಿಟ್ಟಿತು. ಬೀರೂರು ಬರುವಷ್ಟರಲ್ಲಿ ಕಾಶಮ್ಮನವರು ಬಿಸಿಲಿಗೆ ಹಾಕಿದ ಸೊಪ್ಪಿನ ಹಾಗೆ ಬಾಡಿದ್ದರು.

ಬೀರೂರಿನಲ್ಲಿ, ಅಷ್ಟು ಹೊತ್ತೂ ಮೂಲೆಯಲ್ಲಿ ನಿದ್ದೆ ಹೋಗಿದ್ದ ಒಂದು ಅಗಲವಾದ ಬೆನ್ನು ಎದ್ದಿತು. ಮನಸ್ಸು ಕೂತೇ ಇತ್ತು, ಕಾಲುಗಳು ಎದ್ದವು. ಎಷ್ಟು ವರ್ಷದ ಅಭ್ಯಾಸ! ಬೆನ್ನು ಇಳಿಯಿತು, ಕಾಲುಗಳೂ ಇಳಿದವು. ಬೆನ್ನು ಆಚೆ ನಿಂತಿದ್ದ ಇನ್ನೊಂದು ರೈಲು ಹತ್ತಿತು, ಕಾಲುಗಳೂ ಹತ್ತಿದವು. ಕೂತಾದ ಮೇಲೆ ಕಾಶಮ್ಮನವರಿಗೆ ಸಣ್ಣದೊಂದು ಅಳುಕು ಹುಟ್ಟಿತು. ಆದರೆ ಇಷ್ಟು ಜನ ಹತ್ತಿದ್ದಾರೆಂದ ಮೇಲೆ ತಪ್ಪಿರಲಾರದು. ಬೀರೂರಿನಲ್ಲಿ ಗಾಡಿ ಬದಲಾಯಿಸುವುದು ಪದ್ಧತಿಯಿದ್ದೀತು ಎಂದುಕೊಂಡರು.

ಆ ಬೆನ್ನಿನ ಒಡತಿ ತಿರುಗಿದಳು. ಕೆಂಚಮ್ಮ ಎಂಬ ಒಕ್ಕಲಗಿತ್ತಿ. "ಯಾವೂರಾಯ್ತು ತಾಯೀ? ಜೊತೇಗೆ ಯಾರವ್ರೆ?"

ಮತ್ತೆ ಅದೇ! ಇನ್ನೊಂದು ಸಲ ಸೊಸೆಯನ್ನು ಬೈಸಲು ಕಾಶಮ್ಮನವರಿಗೆ ತ್ರಾಣವಿರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಕೊರಳಿನ ಲಿಂಗವನ್ನು ಮುಟ್ಟಿಕೊಂಡು, ಕಣ್ಣು ಮುಚ್ಚಿಬಿಟ್ಟರು.

"ಮೌನ ಹಿಡ್ದವ್ರೆ ಕಣ್ರೇ!" ಎಂದು ಕೆಂಚಮ್ಮ ಪಿಸುಗುಟ್ಟಿದಳು. "ಮೊಕದಾಗೆ ಏನ್ ಕಳೆ ಐತೆ ನೋಡ್ರಿ."

ಆ ಕಳೆ ಹಿಂದಿನ ರಾತ್ರಿ ನಿದ್ದೆಯಿಲ್ಲದ್ದರಿಂದ ಬಂದದ್ದು. ಡಬ್ಬಿ ಗಪ್ಪಾಯಿತು. ಆಹಾ, ಎಂಥ ಸುಖ! ಚಕ್ರದ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಆ ಸುಖ ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ಇತ್ತು. ಆಮೇಲೆ ಲಿಂಗದಹಳ್ಳಿಯ ಲಿಂಗಮ್ಮ ಎಂಬಾಕೆ ಹತ್ತಿರ ಸರಿದು, ಒದೆಯುವ ಎಮ್ಮೆಯ ಕಷ್ಟ ಹೇಳಿಕೊಂಡಳು. ಕೆಂಚಮ್ಮ ತನ್ನ ಮಂಡಿನೋವು ಹೇಳಿಕೊಂಡಳು. ಮತ್ತೊಬ್ಬಳು ಮೈದುನನ ಜಮೀನಿನ ಖಾತೆಯ ಜಗಳ ತೆಗೆದಳು. ಮಾತಾಡದವರ ಹತ್ತಿರ ಜನ ಇಷ್ಟೊಂದು ಮಾತಾಡುತ್ತಾರೆಂದು ಕಾಶಮ್ಮನವರಿಗೆ ಗೊತ್ತೇ ಇರಲಿಲ್ಲ. ಕೇಳುತ್ತ ಕೇಳುತ್ತ ತೂಕಡಿಕೆ ಬಂದು ತಲೆ ಎದೆಗೆ ವಾಲಿತು.

"ಹೂಂ ಅಂದ್ರು! ಜಮೀನು ನಂದೇ!" ಎಂದು ಖಾತೆಯವಳು ಕೈಮುಗಿದಳು.

ಎಚ್ಚರವಾದಾಗ ಕಿಟಕಿಯ ಆಚೆ ಗುಡ್ಡಗಳು ಸಾಲಾಗಿ ಹತ್ತಿರ ಬರುತ್ತಿದ್ದವು. ಕಾಶಮ್ಮನವರು ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಅಜ್ಜಂಪುರದ ಬಯಲಿಗೆ ಇಷ್ಟು ದೊಡ್ಡ ಗುಡ್ಡ ಯಾವಾಗ ಬಂತು? ಕೇಳೋಣವೆಂದರೆ ಮೌನ ಅಡ್ಡ ಬಂತು. ಹುಬ್ಬೇರಿಸಿ, ಗುಡ್ಡದ ಕಡೆ ಬೆರಳು ತೋರಿಸಿದರು. ಇದೇನು ಅಂತ ಯಾರಾದರೂ ಹೇಳಿಯಾರು ಎಂದು. ಹೆಂಗಸರೆಲ್ಲ ಎದ್ದು ನಿಂತು ಗುಡ್ಡಕ್ಕೆ ಕೈಮುಗಿದರು.

"ತರೀಕೆರೇ! ತರೀಕೆರೇ!" ಎಂದು ಹೊರಗೆ ಯಾರೋ ಕೂಗಿದರು.

ಕಾಶಮ್ಮನವರು ಗಂಟು ಎತ್ತಿಕೊಂಡು ದಡಬಡ ಇಳಿದು ತಲೆಯ ಮೇಲೆ ಕೈ ಹೊತ್ತುಕೊಂಡರು. "ಅಯ್ಯೋ ಶಿವನೇ! ನಾನು ಅಜ್ಜಂಪುರಕ್ಕೆ ಹೋಗ್ಬೇಕಾಗಿತ್ತಲ್ಲಪ್ಪಾ!"

"ಮೌನ ಬಿಟ್ರು!" ಎಂದು ಉಳಿದವರೊಡನೆ ಅಲ್ಲೇ ಇಳಿದ ಲಿಂಗಮ್ಮ ಚೀರಿದಳು.

"ಮೊದಲ್ನೇ ಮಾತೇ ಅಜ್ಜಂಪುರ," ಎಂದಳು ಕೆಂಚಮ್ಮ. "ಅಪ್ಪಣೆ ಆಗೋಯ್ತು. ನಡೀರೇ."

"ಎಲ್ಲಿಗ್ರಮ್ಮಾ? ನೀವ್ಯಾಕೆ? ನಾನು ಒಬ್ಬಳೇ ಹೋಗ್ಬೇಕು!"

"ಏನ್ ವೈರಾಗ್ಯ ನೋಡ್ರೇ!" ಎಂದು ಎಲ್ಲರೂ ಕೆನ್ನೆ ಬಡಿದುಕೊಂಡರು.

ಹಿಂದಕ್ಕೆ ಹೋಗುವ ರೈಲು ಬರುವುದು ಸಂಜೆಗೆ ಎಂದು ತಿಳಿಯಿತು. ಸ್ಟೇಷನ್ನಿನ ಹೊರಗೆ ಅಜ್ಜಂಪುರದ ಲಕ್ಕಣ್ಣ ಎಂಬವನು ಮೆಣಸಿನಕಾಯಿ ಮೂಟೆ ಇಳಿಸಿ, ಖಾಲಿ ಗಾಡಿ ಹೊಡೆದುಕೊಂಡು ಊರಿಗೆ ಹೊರಟಿದ್ದ. ಕಾಶಮ್ಮನವರು ಅವನನ್ನು ಒಪ್ಪಿಸಿ, ಹತ್ತಿ ಕೂತು, "ಹೊಡಿಯಪ್ಪಾ, ಬೇಗ ಹೊಡಿ!" ಎಂದರು. ಅಷ್ಟರಲ್ಲಿ ಗಂಡಸರ ಡಬ್ಬಿಯಿಂದ ಇಳಿದ ಲಿಂಗಮ್ಮನ ಮಗ ಸಿದ್ದಪ್ಪ ಓಡಿ ಬಂದ.

"ಅವ್ವಾ, ಎಲ್ಲಿಗ್ ಹೊಂಟೆ? ನಮ್ಮೂರ ದಾರಿ ಇತ್ಲಾಗೆ!"

"ಸುಮ್ಕಿರ್ಲಾ. ಅಜ್ಜಂಪುರಕ್ಕೆ ಬರ್ಬೇಕು ಅಂತ ಅಪ್ಪಣೆ ಆಗೈತೆ."

ಸಿದ್ದಪ್ಪ ಕಾಶಮ್ಮನವರ ಮುಖ ನೋಡಿದ. ಅಲ್ಲಿ ಈಗ ಹತಾಶೆಯೂ ಸೇರಿ ಕಳೆ ಇಮ್ಮಡಿಯಾಗಿತ್ತು. ಅವನು ಗಾಡಿಯ ಮೂಕಿಗೇ ಹಣೆ ಹಚ್ಚಿ, ತಾಯಿಯನ್ನು ಅನಾಮತ್ತಾಗಿ ಎತ್ತಿ ಒಳಗೆ ಕೂರಿಸಿ, "ನಮ್ಮವ್ವನ್ನ ಜ್ವಾಪಾನ ಮಾಡಿ ತಾಯೀ," ಎಂದ. ಕೆಂಚಮ್ಮನ ಗಂಡ ರೇವಣಪ್ಪ ಗೊಣಗುತ್ತಲೇ ಹೆಂಡತಿಯನ್ನು ಹತ್ತಿಸಿದ. ಖಾತೆಯವಳು ಯಾರನ್ನೂ ಕೇಳದೆ ಹತ್ತಿದಳು. ಎತ್ತುಗಳು ಒಮ್ಮೆ ಹಿಂದಿರುಗಿ ನೋಡಿ, ಮೂಟೆಯೇ ವಾಸಿಯಿತ್ತು ಎಂಬಂತೆ ನಿಟ್ಟುಸಿರು ಬಿಟ್ಟವು.

ದಾರಿಯುದ್ದಕ್ಕೂ ಸೋಬಾನೆ ಹಾಡಿದರು. ಕಾಶಮ್ಮನವರ ಬುತ್ತಿಯನ್ನು ಪ್ರಸಾದವೆಂದು ಹಂಚಿಕೊಂಡರು. ಅವರ ಪಾಲಿಗೆ ಒಂದು ಚೂರು ರೊಟ್ಟಿ ಬಂತು. ಒಂದು ಕಡೆ ಕೆಂಚಮ್ಮನ ಮಂಡಿ, ಇನ್ನೊಂದು ಕಡೆ ಲಿಂಗಮ್ಮನ ಗಂಟು. ನಡುವೆ ಕಾಶಮ್ಮನವರು ಅಚ್ಚಿನಲ್ಲಿ ಸಿಕ್ಕ ಬೆಲ್ಲದ ಹಾಗೆ ಅಲುಗಾಡದೆ ಕೂತಿದ್ದರು.

ದೀಪ ಹಚ್ಚುವ ಹೊತ್ತಿಗೆ ಗಾಡಿ ಅಜ್ಜಂಪುರ ಸೇರಿತು. ರೈಲು ನೋಡಿ, ಅತ್ತಿಗೆಯನ್ನು ಕಾಣದೆ ಹಿಂದಿರುಗಿದ್ದ ಬೆನಕಪ್ಪ ಜಗಲಿಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ. ಅವನ ಹೆಂಡತಿ, ಕಾಶಮ್ಮನವರ ತಂಗಿ ದಾಕ್ಷಾಯಣಮ್ಮ, ಅತ್ತೂ ಅತ್ತೂ ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು. ಅವರ ಕಣ್ಣೆದುರಿಗೇ ಗಾಡಿಯಿಂದ ಕೆಂಚಮ್ಮ ಇಳಿದಳು, ಲಿಂಗಮ್ಮ ಇಳಿದಳು, ಖಾತೆಯವಳು ಇಳಿದಳು. ಎಲ್ಲರೂ ಸೇರಿ ಕಾಶಮ್ಮನವರನ್ನು ಇಳಿಸಿಕೊಂಡರು.

"ಒಬ್ರೇ ಬತ್ತೀರಿ ಅಂದಿದ್ದ ಮಲ್ಲಿಕಾರ್ಜುನ?" ಎಂದ ಬೆನಕಪ್ಪ.

"ಒಬ್ಬಳೇ ಹೊರಟೆ ಕಣಪ್ಪಾ."

"ಅವ್ನು ಕೇಳಿದ್ರೆ ನಾನು ಸುಳ್ಳು ಹೇಳೋಕಾಗುತ್ತಾ ಅತ್ತಿಗೆ? ಎಡೆಯೂರಿನ ಮಾತು ಬಿಟ್ಬಿಡಿ," ಎಂದು ಅವನು ಒಳಗೆ ಹೋದ.

ಕಾಶಮ್ಮನವರು ಜಗಲಿಯ ಮೇಲೆ ಕುಸಿದು ಕೂತರು. ಕೋಪ ಬರಲು ಕೂಡ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಹೆಂಗಸರ ಕಡೆ ತಿರುಗಿ, "ನೋಡ್ರಮ್ಮಾ, ನಂಗೆ ಮೌನಾನೂ ಇಲ್ಲ, ಮಹಿಮೇನೂ ಇಲ್ಲ. ಒಂದು ದಿನ ಯಾರ ಕಾಟಾನೂ ಇಲ್ದೆ ಒಬ್ಬಳೇ ಇರೋಣ ಅಂತ ಹೊರಟೆ. ನಿಮ್ಮ ಬಾಯಿಗೆ ಹೆದರಿ ನನ್ನ ಬಾಯಿ ಮುಚ್ಕೊಂಡೆ. ನಿಮ್ಮನ್ನ ಸುಮ್ನೆ ಇಷ್ಟು ದೂರ ಎಳ್ಕೊಂಬಂದೆ. ತಪ್ಪಾಯ್ತು, ಬೈಯೋದಿದ್ರೆ ಬೈದ್ಬಿಡಿ," ಎಂದರು.

ಕೆಂಚಮ್ಮನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಗೆ ಬಂತು.

"ರೈಲಾಗೆ ಗೊರಕೆ ಹೊಡೀವಾಗ್ಲೇ ಗೊತ್ತಾಯ್ತು ಬಿಡಿ ತಾಯೀ."

"ಗೊತ್ತಾಯ್ತಾ? ಮತ್ತೆ ಯಾಕೆ ಬಂದ್ರಿ?"

"ಇನ್ನೇನ್ ಮಾಡಾದು?" ಎಂದಳು ಲಿಂಗಮ್ಮ. "ಮಗನ ಕಾವ್ಲಿಲ್ದೆ ನಾನು ಹಟ್ಟಿ ಬಾಗ್ಲು ದಾಟ್ದೋಳಲ್ಲ. ಒಂದಿನ ಒಬ್ಳೇ ಎಲ್ಲಿಗಾರಾ ಹೋಗ್ಬರಾನ ಅಂತ ನಂಗೂ ಎಷ್ಟು ದಿನದ ಆಸೆ! ಅಪ್ಪಣೆ ಆಗೈತೆ ಅಂದ್ರೆ ಮಾತ್ರ ಬಿಡ್ತಾನೆ ನಮ್ ಸಿದ್ದ."

"ನಮ್ಮನೆ ಯಜಮಾನ್ರೂ ಅಷ್ಟೇಯ," ಎಂದಳು ಕೆಂಚಮ್ಮ, ಕಣ್ಣೊರೆಸಿಕೊಳ್ಳುತ್ತ. "ನಿಮ್ಮ ಮಗ್ನೂ ಗಂಡ್ಸೇ ಅಲ್ವಾ? ನಾವೆಲ್ಲ ಬಂದು ಅಪ್ಪಣೆ ಆಗೈತೆ ಅಂತೀವಿ, ಬಿಡ್ದೆ ಎಲ್ಲಿಗೋಗ್ತಾನೆ? ಎಡೆಯೂರಿಗೆ ನೀವು ಒಬ್ರೇ ಹೊರಡೋ ದಿನ ಒಂದ್ ಮಾತು ಹೇಳ್ಕಳ್ಸಿ. ನಾವೂ ನಿಮ್ ಜೊತೇಲೇ ಒಬ್ಬೊಬ್ರೇ ಬತ್ತೀವಿ."

ಎಲ್ಲರಿಗೂ ನೀರು ತಂದ ದಾಕ್ಷಾಯಣಮ್ಮ ಒಳಗಿದ್ದ ಗಂಡನ ಕಡೆ ಒಮ್ಮೆ ಇಣುಕಿ ನೋಡಿದಳು. ಆಮೇಲೆ ಅಕ್ಕನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು:

"ನಂಗೂ ಒಂದು ಜಾಗ ಹಿಡಿದಿಟ್ಟಿರು ಅಕ್ಕಾ."