ಮಗ್ಗದ ಕುಣಿಯಲ್ಲಿ ಇಲಿಗೆ ಊಟ

ಅಕ್ಕ ನನಗೆ ವಹಿಸಿದ್ದು ಮಗ್ಗ ಕಾಯುವ ಕೆಲಸವೊಂದೇ. ಅದನ್ನೂ ನಾನು ಮಾಡಲಿಲ್ಲ.

ಬಸುರಿ ಮಗಳಿಗೆ ಸೀಮಂತಕ್ಕೆ, ಅಂದರೆ ಕುಬಸದ ದಿನ, ಉಡಿಸಲೆಂದು ಅಕ್ಕ ಕೈಯಾರೆ ಸೀರೆ ನೇಯುತ್ತಿದ್ದಳು. ಕೆಂಪು ರೇಷ್ಮೆಯ ಸೆರಗೊಂದು ಬಾಕಿ. ಅಷ್ಟರಲ್ಲಿ ಮಗಳನ್ನು ಕರೆತರಲು ಕಮತಗಿಗೆ ಹೊರಟಳು.

"ಲೇ ಸಂಗ್ಯಾ, ಮಗ್ಗಕ್ಕ ಅರಬಿ ಹೊಚ್ಚಿ ಇಡು. ಕುಣ್ಯಾಗ ಕುಂತು ಉಣಬ್ಯಾಡ, ಇಲಿ ಬರ್ತಾವ."

"ನಾ ಇರೂತನಕ ಇಲಿ ಹ್ಯಾಂಗ ಬರ್ತಾವ ಅಕ್ಕಾ?"

ನಾನು ಇದ್ದುದರಿಂದಲೇ ಬಂದವು!

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ ತಂಪು ಜಾಗ ಹುಡುಕುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಇಳಕಲ್ಲಿನ ಬೇಸಿಗೆಯಲ್ಲಿ ಮನೆಯೊಳಗೆ ತಂಪಾಗಿರುವುದು ನೇಯುವವರು ಕಾಲು ಇಳಿಬಿಡುವ ಕುಣಿ ಮಾತ್ರ. ಅಲ್ಲೇ ಕೂತು ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತಿಂದೆ. ಖಡಕ್ ರೊಟ್ಟಿ ಮುರಿದರೆ ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ತಿಂದ ಮೇಲೆ ನಿದ್ದೆ. ಅರಿವೆ ಹೊಚ್ಚುವುದು ಮರೆತೇಹೋಯಿತು.

ಮರುದಿನ ಕುಣಿಯ ಅಂಚಿನಲ್ಲಿ ಕರ್ರಗಿನ ಸಣ್ಣ ಕಾಳುಗಳು ಬಿದ್ದಿದ್ದವು. ಗುರೆಳ್ಳು! ಅಕ್ಕ ಚೆಲ್ಲಿ ಹೋಗಿದ್ದಾಳೆಂದು ಗೊಣಗುತ್ತ, ಹಾಳಾಗಬಾರದೆಂಬ ಸದುದ್ದೇಶದಿಂದ ಆರಿಸಿಕೊಂಡು ಪಕ್ಕದ ಮನೆಯ ನೀಲವ್ವ ಕಾಕಿಗೆ ಒಯ್ದೆ.

"ಕಾಕಿ, ಇದಿಷ್ಟು ಹುರದು ಚಟ್ನಿ ಕುಟ್ಟಿ ಕೊಡು."

ಕಾಕಿ ನನ್ನ ಅಂಗೈ ನೋಡಿ ತಟ್ಟನೆ ಹಿಂದೆ ಸರಿದಳು. "ಎಪ್ಪಾ, ನಿನ್ನ ಗುರೆಳ್ಳು ಸುಡ್ಲಿ! ಇಲಿ ಹಿಕ್ಕಿ ಅದು! ಮೊದಲ ಕೈ ತೊಳಕೊ!"

ಕೈ ತೊಳೆದೆ. ಆಗ ನೆನಪಾಯಿತು. ರೇಷ್ಮೆ! ಓಡಿಬಂದು ನೋಡಿದರೆ ಸೆರಗಿನ ಅಂಚಿನಲ್ಲಿ ನಾಲ್ಕೈದು ಎಳೆಗಳು ತುಂಡಾಗಿದ್ದವು. ಅಕ್ಕ ಬರುವುದು ನಾಳೆಯೇ. ಕುಬಸವಂತೂ ಅದೇ ವಾರ.

ಆ ಕ್ಷಣವೇ ಯುದ್ಧ ಸಾರಿ, ಇಲಿಬೋನು ತರಲು ಅಂಗಡಿಗೆ ಓಡಿದೆ. ಅಂಗಡಿಯವನು "ಎಂಥಾ ಇಲಿ ಐತ್ರಿ?" ಎಂದು ಕೇಳಿದ. ನಾನು ಅದರ ಮುಖವನ್ನೇ ಕಂಡಿರಲಿಲ್ಲ. ಆದರೂ ಸಣ್ಣ ಇಲಿಗೆ ಹೆದರಿದೆನೆಂದು ಹೇಳುವುದುಂಟೇ? "ಹೆಗ್ಗಣ!" ಎಂದೆ. ದೊಡ್ಡ ಬೋನು ಕೊಟ್ಟ. ಮೆಣಸಿನಕಾಯಿ ಭಜಿ ಸಿಗಿಸಿ ಇಟ್ಟೆ. ಸಂಜೆಗೆ ಹೆಬ್ಬೆರಳಿನಷ್ಟು ಇಲಿಯೊಂದು ಒಳಹೊಕ್ಕು, ಸಾವಕಾಶವಾಗಿ ಭಜಿ ತಿಂದು, ಸರಳುಗಳ ಸಂದಿಯಿಂದ ಹೊರಬಂದು ಮೀಸೆ ಒರೆಸಿಕೊಂಡಿತು. ನನ್ನ ಕಣ್ಣೆದುರೇ!

ಮತ್ತೆ ಅಂಗಡಿಗೆ ಓಡಿದೆ. ಈ ಸಲ ಅಂಟಿನ ಹಾಳೆ ಕೊಟ್ಟ.

"ಗ್ವಾಡಿಗುಂಟ ಇಡ್ರಿ. ಇಲಿ ಗ್ವಾಡಿ ಬಿಟ್ಟು ಅಡ್ಯಾಡಂಗಿಲ್ಲ."

ಇಲಿಗೆ ಬೇಕಾದದ್ದು ಸೀರೆಯಲ್ಲವೇ? ನಾನು ಹಾಳೆಯನ್ನು ಮಗ್ಗದ ಪಕ್ಕದಲ್ಲೇ ಹಾಸಿದೆ. ಬೆಳಗ್ಗೆ ನೋಡುತ್ತೇನೆ, ಇಲಿ ಗೋಡೆಗುಂಟ ಹೊರಟಿದೆ! ಹಿಡಿಯಲು ಹಾರಿದೆ. ಒಂದು ಕಾಲು ಹಾಳೆಗೆ ಅಂಟಿತು. ಇನ್ನೊಂದು ಕುಣಿಗೆ ಜಾರಿತು. ಆಸರೆಗೆಂದು ಕೈ ಹಿಡಿದದ್ದು ಸೆರಗಿನ ಎಳೆಗಳನ್ನು. ಪಟಪಟ ಹರಿದವು. ಇಲಿ ಕಡಿದದ್ದು ನಾಲ್ಕೈದು. ನಾನು ಹರಿದದ್ದು ಒಂದು ಹಿಡಿ!

ಕಾಲಿಗೆ ಎಣ್ಣೆ ಸುರಿದು ಹಾಳೆ ಕಿತ್ತು ಎಸೆಯುವಷ್ಟರಲ್ಲಿ ಅಕ್ಕ ಬಾಗಿಲಲ್ಲಿದ್ದಳು. ಹಿಂದೆ ತುಂಬು ಹೊಟ್ಟೆಯ ಮಗಳು.

"ಇದೇನೋ ಇದು?"

"ಇಲಿ, ಅಕ್ಕಾ! ಭಾಳ ದೊಡ್ಡ ಇಲಿ!"

ಅಕ್ಕ ಮೇಲಿಂದ ಕೆಳಗೆ ನನ್ನನ್ನು ನೋಡಿದಳು. ಕಣ್ಣು ನನ್ನ ಹಿಮ್ಮಡಿಯ ಮೇಲೆ ನಿಂತಿತು. ಅಲ್ಲಿ ಇನ್ನೂ ಉಳಿದಿದ್ದ ಅಂಟಿಗೆ ಸಿಕ್ಕ ಕೆಂಪು ರೇಷ್ಮೆ ಎಳೆ ಉದ್ದಕ್ಕೆ ಜೋತಾಡುತ್ತಿತ್ತು.

"ಹೂಂ. ಭಾಳ ದೊಡ್ಡದೈತಿ. ಬಾಲಾನೂ ಕಾಣಾಕತ್ತೈತಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಚೀಲ ಕೆಳಗಿಟ್ಟು, ನೀರೂ ಕುಡಿಯದೆ ಕುಣಿಗೆ ಕಾಲು ಇಳಿಬಿಟ್ಟು ಎಳೆ ಜೋಡಿಸತೊಡಗಿದಳು.

"ಯವ್ವಾ, ಸೀರಿ ಆಗ್ತೈತೇನ?" ಮಗಳು ಮೆಲ್ಲಗೆ ಕೇಳಿದಳು.

"ನಿದ್ದಿಗೆಟ್ರ ಆಗ್ತೈತಿ."

ಅಕ್ಕನ ಕಾಲ ಬಳಿ ನನ್ನ ರೊಟ್ಟಿಯ ಚೂರುಗಳು ಇನ್ನೂ ಬಿದ್ದಿದ್ದವು. ಅವನ್ನು ಆರಿಸುತ್ತ, ತಲೆ ಎತ್ತದೆಯೇ ಹೇಳಿದೆ:

"ನಂದ ತಪ್ಪು, ಅಕ್ಕಾ. ಎಳಿ ಹರದಾಂವ ನಾನ, ಸುಳ್ಳು ಹೇಳಿದಾಂವ ನಾನ. ಇಲೀದೂ ಒಂದೀಟು ತಪ್ಪೈತಿ. ಆದ್ರ ಅದನ್ನ ಊಟಕ್ಕ ಕರದಾಂವನೂ ನಾನ."