ಅಂಗೈಯಗಲದ ಕಾವಲುಗಾರ

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಮಂಗಳವಾರ, ಬೆಳಿಗ್ಗೆ ಎಂಟರ ಹೊತ್ತು. ಹಾಸಿಗೆ ಗೋದಾಮಿನ ಕಬ್ಬಿಣದ ಗೇಟು ಅಷ್ಟು ಹೊತ್ತಿಗೇ ಮುಟ್ಟಿದರೆ ಕೈ ಸುಡುವ ಹಾಗಿತ್ತು. ಗೇಟಿನ ಪಕ್ಕದ ಕುರ್ಚಿಯಲ್ಲಿ ಮೀಸೆ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣು ಅಗಲಿಸಿಕೊಂಡು, ಫೋಟೋ ತೆಗೆಸಿಕೊಳ್ಳುವವನಂತೆ ಕೂತಿದ್ದ.

ಹಾಗೆ ಕೂರುವುದಕ್ಕೆ ಕಾರಣವಿತ್ತು. ಮೀಸೆ ಮಾವ ಕೆಟ್ಟ ಕಾವಲುಗಾರನಲ್ಲ. ಅವನ ಮೀಸೆ ನೋಡಿಯೇ ಎಷ್ಟೋ ಜನ ಗೇಟಿನಿಂದ ಹಿಂದಕ್ಕೆ ಹೋದದ್ದುಂಟು. ಆದರೆ ಮಧ್ಯಾಹ್ನದ ಬುತ್ತಿ ಖಾಲಿಯಾಯಿತೋ ಇಲ್ಲವೋ, ನಿದ್ದೆ ಎನ್ನುವುದು ಹಳೇ ನೆಂಟನ ಹಾಗೆ ಹೇಳದೆ ಕೇಳದೆ ಬಂದು ಅವನ ರೆಪ್ಪೆಯ ಮೇಲೆ ಕೂತುಬಿಡುತ್ತಿತ್ತು. ಬೆನ್ನ ಹಿಂದೆ ಸೂರಿನವರೆಗೂ ಹಾಸಿಗೆ ಪೇರಿಸಿಟ್ಟು ಮನುಷ್ಯನಿಗೆ ಮಲಗಬೇಡ ಎಂದರೆ ಅವನು ತಾನೆ ಏನು ಮಾಡಿಯಾನು? ಮ್ಯಾನೇಜರು ಕಾರನ್ನು ಬೀದಿ ಮೂಲೆಯಲ್ಲೇ ಬಿಟ್ಟು, ಮೆತ್ತನೆಯ ಬೂಟಿನಲ್ಲಿ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಬಂದು ಅವನನ್ನು ಎರಡು ಸಲ ಹಿಡಿದಿದ್ದರು. ಈಚೆಗೆ ಅವರ ಕಣ್ಣು ಯಾವಾಗಲೂ ಕೆಂಪಗಿರುತ್ತಿತ್ತು. ಸಿಟ್ಟಿಗೆ ಕೆಂಪಗಾಗಿದೆ ಎಂದು ಎಲ್ಲರೂ ತಿಳಿದುಕೊಂಡಿದ್ದರು.

ಶನಿವಾರ ಅವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. "ಇನ್ನೊಂದ್ಸಲ ಕಣ್ಣು ಮುಚ್ಚಿದ್ದು ಕಂಡ್ರೆ ಈ ಕುರ್ಚಿ ಇಲ್ಲೇ ಇರುತ್ತೆ, ನೀವಿರಲ್ಲ."

ಮನೆಯಲ್ಲಿ ಹೆಂಡತಿಗೆ ಇದನ್ನು ಹೇಳಿದ್ದಕ್ಕೆ ಅವಳು, "ಕೆಲಸ ಹೋಗಿ ನೀವು ಮನೇಲಿ ಕೂತ್ರೆ, ನಿಮ್ಮನ್ನ ಕಾಯೋಕೆ ನಾನ್ಯಾರನ್ನ ಇಟ್ಕೊಳ್ಳಲಿ?" ಎಂದಿದ್ದಳು.

ಅಷ್ಟರಲ್ಲಿ ಗೋದಾಮಿನ ವ್ಯಾನು ಬಂದು ನಿಂತಿತು. ಡ್ರೈವರ್ ಇಳಿದವನೇ ಒಂದು ಟವೆಲಿನ ಗಂಟನ್ನು ಮಾವನ ಮಡಿಲಿಗೆ ಹಾಕಿದ.

"ಮಾವ, ನಿಮ್ಮ ಕಷ್ಟಕ್ಕೆ ಮದ್ದು ತಂದಿದೀನಿ."

ಗಂಟು ನಡುಗಿತು. ಅದರೊಳಗಿಂದ ಎರಡು ಕಿವಿ, ಎರಡು ಗೋಲಿಯಂಥ ಕಣ್ಣು ಹೊರಗೆ ಬಂದವು.

"ಏನೋ ಇದು?"

"ನಾಯಿ ಮಾವ."

ಮಾವ ಟವೆಲನ್ನು ಪೂರಾ ಬಿಚ್ಚಿ, ಕೊಡವಿ ನೋಡಿದ. "ಉಳಿದದ್ದು ಎಲ್ಲಿ?"

"ಇಷ್ಟೇ ಮಾವ! ಟಾಯ್ ಬ್ರೀಡ್ ಅಂತಾರೆ. ಎಷ್ಟು ಹಾಕಿದ್ರೂ ಇದಕ್ಕಿಂತ ಬೆಳೆಯಲ್ಲ. ಊರಾಚೆ ರಸ್ತೇಲಿ ಮೈಲಿಗಲ್ಲಿನ ಮೇಲೆ ಬಸ್ಸಿಗೆ ಕಾಯೋರ ಹಾಗೆ ಕೂತಿತ್ತು. ಯಾರೋ ಪುಣ್ಯಾತ್ಮರು ಬಿಟ್ಟು ಹೋಗಿದಾರೆ. ವ್ಯಾನಿನಲ್ಲಿ ಬರೋವಾಗ ಮರ ಕಂಡ್ರೆ ಬೊಗಳ್ತು, ಮೋಡ ಕಂಡ್ರೆ ಬೊಗಳ್ತು. ಆಗ ನೀವು ನೆನಪಾದ್ರಿ. ಇವತ್ತೊಂದಿನ ಇಟ್ಕೊಂಡು ನೋಡಿ. ಹಿಡಿಸಿದ್ರೆ ನಿಮ್ದು. ಇಲ್ಲಾಂದ್ರೆ ಸಂಜೆ ನಾನೇ ತಗೊಂಡು ಹೋಗ್ತೀನಿ."

ಮಾವ ನಾಯಿಯನ್ನು ಅಂಗೈಯ ಮೇಲೆ ಕೂರಿಸಿಕೊಂಡ. ಬೆಳ್ಳಗಿತ್ತು, ಹಿಡಿಯಷ್ಟು ಹತ್ತಿಗೆ ಜೀವ ಬಂದ ಹಾಗೆ. ಅದು ಮೊದಲು ಮೀಸೆಯನ್ನು ನೋಡಿತು. ಇನ್ನೊಂದು ಪ್ರಾಣಿ ಎಂದುಕೊಂಡಿತೋ ಏನೋ, ಮೀಸೆಗೇ ಬೊಗಳಿತು.

ಸುದ್ದಿ ಒಳಗೆ ಹೋಗುವುದಕ್ಕೆ ಎಷ್ಟು ಹೊತ್ತು? ಗುಮಾಸ್ತರು ಮೊಬೈಲು ಹಿಡಿದುಕೊಂಡು ಬಂದರು. ಹಾಸಿಗೆ ಹೊಲಿಯುವ ಹೊಲಿಗೆಯಕ್ಕ ಕೈಯಲ್ಲಿ ದಬ್ಬಳ ಹಿಡಿದೇ ಬಂದಳು.

"ಸುಮ್ನೆ ತಗೊಂಡುಬಿಡೋದಲ್ಲ ಇದು," ಎಂದರು ಗುಮಾಸ್ತರು, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು. "ಇಂಥ ನಾಯಿ ಸಾಕೋರಿಗೆ ಅಂತ ಇಲ್ಲಿ ಕೆಲವು ಪ್ರಶ್ನೆ ಕೊಟ್ಟಿದಾರೆ. ಮೊದಲು ಉತ್ತರ ಹೇಳಿ. ನಿಮಗೆ ತಾಳ್ಮೆ ಇದೆಯಾ?"

"ನಿಮ್ಮ ಜೊತೆ ಇಷ್ಟು ವರ್ಷ ಕೆಲಸ ಮಾಡಿಲ್ವಾ ಸ್ವಾಮಿ?"

"ಇದಕ್ಕೆ ಹೊಟ್ಟೆ ಚಿಕ್ಕದು, ದಿನಕ್ಕೆ ನಾಲ್ಕೈದು ಸಲ ಚೂರು ಚೂರೇ ತಿನ್ನಿಸ್ಬೇಕು. ಮೂಳೆ ತೆಳ್ಳಗೆ, ಕುರ್ಚಿಯಿಂದ ಹಾರಿದ್ರೆ ಕಾಲು ಮುರಿಯುತ್ತೆ. ಒಂಟಿಯಾಗಿ ಬಿಟ್ರೆ ಕೊರಗುತ್ತೆ. ಸಣ್ಣ ಸದ್ದಿಗೂ ಹೆದರುತ್ತೆ."

"ಇದೆಲ್ಲ ನಮ್ಮನೆಯವ್ರ ವಿಷಯ ಬರೆದ ಹಾಗಿದೆ," ಎಂದಳು ಹೊಲಿಗೆಯಕ್ಕ. "ಅಣ್ಣ, ಇಟ್ಕೋ. ಪಾಪದ್ದು. ಗುಬ್ಬಿ ಹಾಗಿದೆ."

"ಗುಬ್ಬಿ ಹಾಗಿರೋದನ್ನ ಗೇಟು ಕಾಯೋಕೆ ಇಡ್ತಾರೇನಮ್ಮ?" ಎಂದರು ಗುಮಾಸ್ತರು. "ಕಳ್ಳ ಬಂದ್ರೆ ಇದನ್ನೇ ಜೇಬಿಗೆ ಹಾಕ್ಕೊಂಡು ಹೋಗ್ತಾನೆ."

"ಕಳ್ಳನ್ನ ನಾನು ನೋಡ್ಕೋತೀನಿ. ಇದು ಮ್ಯಾನೇಜರನ್ನ ನೋಡ್ಕೊಂಡ್ರೆ ಸಾಕು," ಎಂದ ಮಾವ. ಡ್ರೈವರ್ ನಗುತ್ತ ಸರಕು ಹೇರಿಕೊಳ್ಳಲು ಒಳಗೆ ಹೋದ.

ನಾಯಿ ಕೆಲಸ ಶುರು ಮಾಡಿತು. ಮಾವನ ಕುರ್ಚಿಯ ಕೆಳಗೆ ಕೂತು ಮೊದಲು ನೀರಿನ ಕ್ಯಾನಿನವನಿಗೆ ಬೊಗಳಿತು. ಮ್ಯಾನೇಜರೇ ಬಂದರೆಂದು ಮಾವ ಬಾಣದಂತೆ ಎದ್ದು ಸಲ್ಯೂಟ್ ಹೊಡೆದ. ಹುಟ್ಟಿದಾಗಿನಿಂದ ಯಾರಿಂದಲೂ ಸಲ್ಯೂಟ್ ಕಾಣದ ಕ್ಯಾನಿನವನು ಗಾಬರಿಯಾಗಿ ಒಂದು ಕ್ಯಾನು ಹೆಚ್ಚಿಗೇ ಇಳಿಸಿ ಹೋದ. ಆಮೇಲೆ ಅಂಚೆಯವನು. ಆಮೇಲೆ ಎದುರುಗಡೆ ಗೋಡೆಯ ಮೇಲಿನ ಬೆಕ್ಕು. ಪ್ರತಿ ಸಲವೂ ಮಾವ ಎದ್ದ, ಎದೆಯುಬ್ಬಿಸಿದ, ಸಲ್ಯೂಟ್ ಹೊಡೆದ. ಒಂದು ಪ್ಲಾಸ್ಟಿಕ್ ಚೀಲ ಗಾಳಿಗೆ ಉರುಳಿಕೊಂಡು ಬಂದಾಗಂತೂ ನಾಯಿಯ ಸಂಭ್ರಮ ಹೇಳತೀರದು. ಚೀಲ ನಿಧಾನವಾಗಿ ಗೇಟಿನ ಮುಂದೆ ಬಂತು, ಸ್ವಲ್ಪ ಹೊತ್ತು ನಿಂತು ಯೋಚಿಸಿತು, ಮುಂದೆ ಹೋಯಿತು. ಅದು ದಾಟಿ ಹೋಗುವವರೆಗೂ ಮಾವ ಕೈ ಇಳಿಸಲಿಲ್ಲ.

"ಅಣ್ಣ, ಆ ಚೀಲ ನಿನ್ನ ಬಡ್ತಿಗೆ ಶಿಫಾರಸು ಮಾಡುತ್ತಂತೆ!" ಎಂದು ಒಳಗಿಂದ ಹೊಲಿಗೆಯಕ್ಕ ಕೂಗಿದಳು.

ಹನ್ನೊಂದರ ಹೊತ್ತಿಗೆ ಮಾವನ ಮೊಣಕಾಲು ಸೋತು, ತೋಳು ಮರದ ಕೊಂಬೆಯಂತಾಗಿತ್ತು. ಆಗ ಲಾಡ್ಜಿನ ಮಾಲೀಕರು ತಾವು ಕೊಂಡ ಹಾಸಿಗೆಗಳನ್ನು ತೆಗೆದುಕೊಂಡು ಹೋಗಲು ಬಂದರು. ಮಾವ ಗೇಟು ತೆರೆದು ಅವರನ್ನು ಒಳಗೆ ಬಿಟ್ಟು, ತಿರುಗಿ ನೋಡುತ್ತಾನೆ, ಕುರ್ಚಿಯ ಕೆಳಗೆ ನಾಯಿಯಿಲ್ಲ.

ಗೇಟಿನ ಹಿಂದೆ ನೋಡಿದ, ಡ್ರಮ್ಮಿನ ಹಿಂದೆ ನೋಡಿದ. ಮೀಸೆಯನ್ನು ನೆಲಕ್ಕೆ ತಾಗಿಸಿ ಕಪಾಟಿನ ಕೆಳಗೆ ನೋಡಿದ. "ಗುಬ್ಬೀ" ಎಂದು ಮೆಲ್ಲಗೆ ಕರೆದ. ಅದಕ್ಕೆ ಗುಬ್ಬಿ ಎನ್ನುವ ಹೆಸರಿದೆಯೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಒಳಗೆ ಒಂದನ್ನು ಬಿಟ್ಟು ಉಳಿದ ಹಾಸಿಗೆಗಳನ್ನೆಲ್ಲ ವ್ಯಾನಿಗೆ ಏರಿಸಿಯಾಗಿತ್ತು. ಹೊಲಿಗೆಯಕ್ಕ ಕೊನೆಯದರ ಬಾಯಿ ತೆರೆದಿಟ್ಟೇ ಹೋಗಿ ನೀರು ಕುಡಿದು ಬಂದು, ಅದನ್ನು ಹೊಲಿದು ಮುಗಿಸಿದ್ದಳು. ಲಾಡ್ಜಿನವರು ಅದು ಎಷ್ಟು ಮೆತ್ತಗಿದೆ ನೋಡೋಣವೆಂದು ಅಂಗೈಯಿಂದ ಒತ್ತಿದರು.

ಹಾಸಿಗೆ ಬೊಗಳಿತು.

ಲಾಡ್ಜಿನವರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಮತ್ತೆ ಧೈರ್ಯ ಮಾಡಿ ಒಂದೇ ಬೆರಳಿನಿಂದ ಮುಟ್ಟಿದರು. ಹಾಸಿಗೆ ಮತ್ತೆ ಬೊಗಳಿ, ತಲೆಯ ಕಡೆಯಿಂದ ಕಾಲಿನ ಕಡೆಗೆ ಓಡಿತು.

"ಏನ್ರೀ ಇದು! ನನ್ನ ಲಾಡ್ಜಿಗೆ ಬರೋರೆಲ್ಲ ನಿದ್ದೆ ಮಾಡೋಕೆ ಬರೋರು ಕಣ್ರೀ!"

"ಹೊಸ ಮಾಲು ಸಾರ್," ಎಂದ ಡ್ರೈವರ್, ಏನಾದರೂ ಹೇಳಬೇಕಲ್ಲ ಎಂದು. "ಬೆಳಿಗ್ಗೆ ತಾನಾಗೇ ಎಬ್ಬಿಸುತ್ತೆ."

ಹೊಲಿಗೆಯಕ್ಕ ಬೈದುಕೊಳ್ಳುತ್ತ ಹೊಲಿಗೆ ಬಿಚ್ಚಿದಳು. ಮೈತುಂಬ ಹತ್ತಿ ಮೆತ್ತಿಕೊಂಡು, ಮೊದಲಿನ ಎರಡರಷ್ಟಾಗಿ ನಾಯಿ ಹೊರಬಂತು. ಬಂದದ್ದೇ ಸೀನಿತು. ಲಾಡ್ಜಿನವರು ಅಲ್ಲೇ ನಿಂತು ಮ್ಯಾನೇಜರಿಗೆ ಫೋನು ಹಚ್ಚಿ, ಗೋದಾಮಿನ ಮರ್ಯಾದೆಯನ್ನು ಹರಾಜು ಹಾಕಿ, ಉಳಿದ ಹಾಸಿಗೆಗಳ ಜೊತೆ ವ್ಯಾನು ಹತ್ತಿಕೊಂಡು ಹೋದರು. ಡ್ರೈವರ್ ಕಣ್ಣಿನಲ್ಲೇ ಕ್ಷಮೆ ಕೇಳಿ ವ್ಯಾನು ಬಿಟ್ಟ.

"ಮಧ್ಯಾಹ್ನ ಮ್ಯಾನೇಜರು ಬರ್ತಾರಂತೆ," ಎಂದರು ಗುಮಾಸ್ತರು. ಅವರ ದನಿಯಲ್ಲಿ ಸಂತಾಪವಿತ್ತು, ಮುಖದಲ್ಲಿರಲಿಲ್ಲ. "ನಾನು ಆಗಲೇ ಹೇಳ್ದೆ, ಇದು ನಿಮಗೆ ತಕ್ಕ ನಾಯಿಯಲ್ಲ ಅಂತ."

"ಹೌದು ಸ್ವಾಮಿ, ತಪ್ಪಾಯ್ತು. ಸಂಜೆ ಅವನು ಬಂದ ಕೂಡ್ಲೇ ಕೊಟ್ಟು ಕೈ ತೊಳ್ಕೋತೀನಿ."

ಆದರೆ ಸಂಜೆಗೆ ಮೊದಲು ಮಧ್ಯಾಹ್ನ ಬರಬೇಕಲ್ಲ, ಬಂತು. ಮಾವ ಬುತ್ತಿ ಬಿಚ್ಚಿದ. ನಾಯಿಗೆ ಚೂರು ಚೂರೇ ತಿನ್ನಿಸಿದ. ಅದು ತಿಂದು ಅವನ ಮಡಿಲೇರಿ, ಸುತ್ತು ತಿರುಗಿ, ಮೂಗನ್ನು ಅವನ ಅಂಗಿಯ ಗುಂಡಿಗೆ ಒತ್ತಿಕೊಂಡು ಮಲಗಿತು. ಬೆಚ್ಚಗಿತ್ತು. ಅದರ ಎದೆ ಹೊಡೆದುಕೊಳ್ಳುವುದು ಅವನ ಹೊಟ್ಟೆಗೆ ತಿಳಿಯುತ್ತಿತ್ತು.

ಮಾವ ಕಣ್ಣು ಅಗಲಿಸಿದ. ತೊಡೆ ಚಿವುಟಿಕೊಂಡ. ಆಮೇಲೆ ಒಂದು ಯೋಚನೆ ಬಂತು. ಪ್ಲಾಸ್ಟಿಕ್ ಚೀಲವನ್ನು ಬಿಡದ ಪ್ರಾಣಿ ಮ್ಯಾನೇಜರನ್ನು ಬಿಟ್ಟೀತೇ? ಎಷ್ಟೇ ಮೆತ್ತಗೆ ಬಂದರೂ ಬೀದಿ ತುದಿಯಲ್ಲೇ ಹಿಡಿಯುತ್ತದೆ. ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ಯಾವ ಅಳುಕೂ ಇಲ್ಲದೆ ಮಾವ ಕಣ್ಣು ಮುಚ್ಚಿದ.

ಎಚ್ಚರವಾದದ್ದು ಮಡಿಲು ಹಗುರಾದ್ದರಿಂದ. ಕಣ್ಣು ಬಿಟ್ಟರೆ ಎದುರಿಗೆ ಎರಡು ಮೆತ್ತನೆಯ ಬೂಟು. ಒಂದು ಬೂಟಿನ ಮೇಲೆ ನಾಯಿ ನಿಂತಿತ್ತು. ಬೊಗಳುತ್ತಿರಲಿಲ್ಲ. ಬಾಲ ಅಲ್ಲಾಡಿಸುತ್ತಿತ್ತು, ಬಾಲವೊಂದೇ ಸಾಲದೆಂದು ಅರ್ಧ ಮೈಯನ್ನೂ ಸೇರಿಸಿಕೊಂಡು.

ಮಾವ ಮೇಲಕ್ಕೆ ನೋಡಿದ. ಮ್ಯಾನೇಜರು ಅವನನ್ನು ನೋಡುತ್ತಲೇ ಇರಲಿಲ್ಲ. ಅವರ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು.

"ಇದು... ಇದು ಇಲ್ಲಿಗೆ ಹೇಗೆ ಬಂತು?" ಎಂದು ಪಿಸುಗುಟ್ಟಿದರು. "ಅಷ್ಟು ದೂರ ಬಿಟ್ಟು ಬಂದಿದ್ದೆನಲ್ಲ!"

"ಸಾಹೇಬ್ರೇ, ಮೈಲಿಗಲ್ಲಿನ ಹತ್ರ..."

"ಶ್! ಮೆಲ್ಲಗೆ! ನಮ್ಮನೆಯವ್ಳು ಕಾರಿನಲ್ಲಿದಾಳೆ. ಬೆಳಿಗ್ಗೆಯಿಂದ ನನ್ನನ್ನ ಊರೆಲ್ಲ ಸುತ್ತಿಸ್ತಿದಾಳೆ, ಇದನ್ನ ಹುಡುಕ್ಕೊಂಡು. ಬಾಗಿಲು ತೆಗೆದಿತ್ತು, ಓಡಿಹೋಯ್ತು ಅಂತ ಹೇಳಿದೀನಿ. ಬಚ್ಚಿಡ್ರೀ ಬೇಗ!"

ಎಲ್ಲಿ ಬಚ್ಚಿಡುವುದು? ಮ್ಯಾನೇಜರು ತಾವೇ ನಾಯಿಯನ್ನು ಎತ್ತಿ ಮಾವನ ಅಂಗಿಯೊಳಕ್ಕೆ ತುರುಕಿ, ತಾವೇ ಗುಂಡಿ ಹಾಕಿದರು.

"ಯಾಕ್ರೀ ಇಷ್ಟು ಹೊತ್ತು?" ಎನ್ನುತ್ತ ಮೂಲೆಯಿಂದ ಅಮ್ಮಾವ್ರು ಬಂದೇಬಿಟ್ಟರು. ಅತ್ತು ಅತ್ತು ಕಣ್ಣು ಊದಿತ್ತು.

ಆ ದನಿ ಕೇಳಿದ್ದೇ ತಡ, ಮಾವನ ಹೊಟ್ಟೆ ಬೊಗಳಿತು.

ಮಾವ ಕೆಮ್ಮಿದ. ಹೊಟ್ಟೆ ಇನ್ನೂ ಜೋರಾಗಿ ಬೊಗಳಿ, ಮೇಲಕ್ಕೆ ಹತ್ತಿ, ಕುತ್ತಿಗೆಯ ಹತ್ತಿರ ಮೀಸೆಯ ಕೆಳಗಿಂದ ತಲೆ ಹೊರಹಾಕಿತು.

"ಬಂಗಾರೀ!" ಎಂದು ಅಮ್ಮಾವ್ರು ಓಡಿಬಂದು ನಾಯಿಯನ್ನು ಎಳೆದುಕೊಂಡು ಮುದ್ದಾಡಿದರು. ಆಮೇಲೆ ಗಂಡನ ಕಡೆ ತಿರುಗಿದರು. "ಇದು ನಿಮ್ಮ ಗೋದಾಮಿಗೆ ಹೇಗ್ರೀ ಬಂತು?"

ಮ್ಯಾನೇಜರು ಮಾವನನ್ನು ನೋಡಿದರು. ಮೀಸೆ ಮಾವನಿಗೆ ಓದು ಹತ್ತಿರಲಿಲ್ಲ, ನಿಜ. ಆದರೆ ಕೆಲಸ ಉಳಿಯುವ ದಾರಿ ಕಂಡರೆ ಗುರುತು ಹಿಡಿಯದಷ್ಟು ದಡ್ಡನಲ್ಲ.

"ಸಾಹೇಬ್ರೇ ಹೇಳಿದ್ರಮ್ಮ, ಹೇಗಾದ್ರೂ ಹುಡುಕು ಅಂತ. ಪಾಪ, ಫೋನಲ್ಲೇ ಅತ್ತುಬಿಟ್ರು. ನಾನು ಊರಾಚೆಯಿಂದ ತರಿಸ್ದೆ. ಬಿಸಿಲು ತಾಗಬಾರದು ಅಂತ ಅಂಗಿಯೊಳಗೆ ಇಟ್ಕೊಂಡಿದ್ದೆ."

ಅಮ್ಮಾವ್ರು ಗಂಡನನ್ನು ಮದುವೆಯಾದ ಹೊಸದರಲ್ಲಿ ನೋಡಿದ ಹಾಗೆ ನೋಡಿದರು. ಮ್ಯಾನೇಜರು ನೆಲ ನೋಡಿದರು. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟಿದ್ದ ಗುಮಾಸ್ತರು ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಮಾವ ಮೀಸೆ ತಿರುವಿದ. ಆ ಕ್ಷಣಕ್ಕೆ ಅವನದರಷ್ಟು ಭದ್ರವಾದ ನೌಕರಿ ಆ ಬೀದಿಯಲ್ಲೇ ಇರಲಿಲ್ಲ.

"ಅದು ಯಾರ ಹತ್ರಾನೂ ಹೀಗೆ ಇರಲ್ಲ," ಎಂದರು ಅಮ್ಮಾವ್ರು. "ಹಗಲು ನಾನು ಕೆಲಸಕ್ಕೆ ಹೋದ್ರೆ ಒಂಟಿಯಾಗಿ ಕೊರಗುತ್ತೆ. ನಾಳೆಯಿಂದ ನೀವು ನಮ್ಮನೆಗೇ ಬನ್ನಿ. ಬಂಗಾರೀನ ನೋಡ್ಕೊಳ್ಳೋದೇ ನಿಮ್ಮ ಕೆಲಸ. ಆದ್ರೆ ನೋಡಿ, ಇದು ಇನ್ನೊಂದ್ಸಲ ಕಳೆದುಹೋಯ್ತೋ, ನಿಮ್ಮನ್ನ ಈ ಊರಲ್ಲಿ ಎಲ್ಲೂ ಕೆಲಸಕ್ಕೆ ಸೇರೋಕೆ ಬಿಡಲ್ಲ."

ಅವರು ನಾಯಿಯನ್ನು ಎತ್ತಿಕೊಂಡು ಕಾರಿಗೆ ಹೋದ ಮೇಲೆ ಮ್ಯಾನೇಜರು ಮಾವನ ತೋಳು ಹಿಡಿದರು.

"ನಾಲ್ಕು ತಿಂಗಳಾಯ್ತು ಕಣ್ರೀ ನಾನು ನಿದ್ದೆ ಮಾಡಿ. ಫ್ಯಾನು ತಿರುಗಿದ್ರೆ ಬೊಗಳುತ್ತೆ, ನಾನು ಮಗ್ಗುಲು ಬದಲಾಯಿಸಿದ್ರೆ ಬೊಗಳುತ್ತೆ. ಭಾನುವಾರದೊಳಗೆ ಅದು ಮತ್ತೆ ಕಳೆದುಹೋಗ್ಬೇಕು. ಇಲ್ಲಾಂದ್ರೆ ಸೋಮವಾರ ನಿಮ್ಮ ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ."

ಬುಧವಾರದಿಂದ ಮೀಸೆ ಮಾವ ಆ ಮನೆಗೆ ಹೋಗತೊಡಗಿದ. ನಾಯಿಯನ್ನು ಕಳೆದರೆ ಅಮ್ಮಾವ್ರು, ಉಳಿಸಿಕೊಂಡರೆ ಸಾಹೇಬರು. ಮಧ್ಯಾಹ್ನ ಅವನ ರೆಪ್ಪೆ ಇಳಿಯಿತೆಂದರೆ ಬಂಗಾರಿ ಅವನ ಮೀಸೆಯ ಹತ್ತಿರವೇ ಬಂದು ಬೊಗಳುತ್ತಿತ್ತು. ಇತ್ತ ಗೋದಾಮಿನಲ್ಲಿ ನಾಯಿ ಹೋಗುತ್ತದೋ ಮಾವ ಹೋಗುತ್ತಾನೋ ಎಂದು ಡ್ರೈವರ್, ಗುಮಾಸ್ತರು, ಹೊಲಿಗೆಯಕ್ಕ ಮೂವರೂ ದಿನವಿಡೀ ವಾದ ಮಾಡಿದರು. ಮಾವ ಎರಡು ಸಲ ನಾಯಿಯನ್ನು ಎತ್ತಿಕೊಂಡು ಊರಾಚೆಯವರೆಗೂ ನಡೆದ. ಎರಡು ಸಲವೂ ಅದು ಅವನ ಅಂಗಿಯ ಗುಂಡಿಗೆ ಮೂಗು ಒತ್ತಿತು. ಎರಡು ಸಲವೂ ಹಿಂದಕ್ಕೆ ಬಂದ.

ಭಾನುವಾರ ಬೆಳಿಗ್ಗೆ ಅವನು ಕೆಲಸ ಹೋಯಿತೆಂದೇ ತಿಳಿದು ಆ ಮನೆಯ ಬಾಗಿಲು ಬಡಿದ. ಮ್ಯಾನೇಜರೇ ಬಾಗಿಲು ತೆಗೆದರು. ಕಂಕುಳಲ್ಲಿ ದಿಂಬು, ಕೈಯಲ್ಲಿ ಚೀಲ. ಅವರು ಮಾವನನ್ನು ಬೈಯಲಿಲ್ಲ, ನೋಡಲೂ ಇಲ್ಲ. ಗೋದಾಮಿನ ಕಡೆಗೆ ನಡೆದುಬಿಟ್ಟರು.

ಒಳಗಿಂದ ಅಮ್ಮಾವ್ರ ದನಿ ಬಂತು. "ಬಂದ್ರಾ? ಒಳ್ಳೇದಾಯ್ತು. ನಾಯೀನೋ ನಾನೋ ಅಂತ ಕೇಳಿದ್ರು ನಿಮ್ಮ ಸಾಹೇಬ್ರು, ಬಂಗಾರೀನೇ ಅಂದೆ. ಇನ್ಮೇಲೆ ರಾತ್ರೀನೂ ನೀವೇ ಬಂಗಾರಿ ಜೊತೆ ಮಲಗ್ಬೇಕಾಗುತ್ತೆ. ಮನೇಲಿ ಹೇಳಿ ಬನ್ನಿ."

ಮಾವ ಮನೆಗೆ ಹೋಗಿ ಹೇಳಿದ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಅವನ ಹಾಸಿಗೆಯನ್ನು ಸುತ್ತಿ ಕೈಗೆ ಕೊಟ್ಟಳು. ಹೀಗೆ ಆ ಭಾನುವಾರ ಇಬ್ಬರು ಗಂಡಸರು ಮನೆ ಬಿಟ್ಟರು. ಬೆಳಿಗ್ಗೆ ಮ್ಯಾನೇಜರು, ಸಂಜೆ ಮೀಸೆ ಮಾವ.